ನಮಿತಾ ಸೋಲಲು ಹೊರಟದ್ದು

ವಿಲೆ ಪಾರ್ಲೆಯ ಆ ಗುಂಡುಮುಖದ ಹುಡುಗ ಅಳದೇ ಇದ್ದಿದ್ದರೆ ನಮಿತಾಳಿಗೆ ಈ ಗತಿ ಬರುತ್ತಿರಲಿಲ್ಲ. ಅವನು ಅತ್ತದ್ದೇನು ಸಣ್ಣಗಲ್ಲ. ಚೆಸ್ ಬೋರ್ಡಿನ ಮೇಲೆಯೇ ಮುಖವಿಟ್ಟು, ರಾಜನನ್ನೂ ಕುದುರೆಯನ್ನೂ ಕಣ್ಣೀರಿನಲ್ಲಿ ತೇಲಿಸುತ್ತ, ತಲೆಯ ಮೇಲೆ ಇಳಿಯುತ್ತಿದ್ದ ವಿಮಾನದ ಸದ್ದೂ ಕೇಳಿಸದ ಹಾಗೆ ಅತ್ತ. ಅವನ ತಾಯಿ ಓಡಿಬಂದು, ಇಷ್ಟು ದೊಡ್ಡ ಹೆಂಗಸಾಗಿ ಹಾಲುಗಲ್ಲದ ಮಗುವನ್ನು ಸೋಲಿಸಲು ಮನಸ್ಸಾದರೂ ಹೇಗೆ ಬಂತು ಎಂದು ಹಿಂದಿಯಲ್ಲಿ ಝಾಡಿಸಿದಳು. ಮುಂದಿನ ಭಾನುವಾರ ನಮಿತಾಳ ಚೆಸ್ ಕ್ಲಾಸಿಗೆ ಬಂದವಳು ನಮಿತಾ ಒಬ್ಬಳೇ.

ಆಮೇಲೆ ತೆರೆದ ಚೆಂಬೂರಿನ ಕ್ಲಾಸಿನಲ್ಲಿ ಅಳುವವರೂ ಸಿಗಲಿಲ್ಲ. ಕೆಳಗಿನ ಮಹಡಿಯಲ್ಲಿ ಮಣಿ ಎಣಿಸಿ ಲೆಕ್ಕ ಕಲಿಸುವ ಅಬಾಕಸ್ ಶುರುವಾದದ್ದೇ ತಡ, ಮಕ್ಕಳೆಲ್ಲ ಕೊಳಲೂದುವವನ ಹಿಂದೆ ಹೋದ ಆಕಳುಗಳಂತೆ ಮೆಟ್ಟಿಲಿಳಿದು ಹೋದರು.

ನಮಿತಾ ಎರಡು ಸಲ ರಾಜ್ಯದ ಮಹಿಳಾ ಚಾಂಪಿಯನ್ ಆದವಳು. ಆದರೆ ಅವಳ ಆಸೆ ಮಾತ್ರ, ಕತೆಯ ಮುದುಕಿ ಪ್ರತ್ಯಕ್ಷನಾದ ದೇವರ ಹತ್ತಿರ ಕೇಳಿದ ಒಪ್ಪೊತ್ತಿನ ಗಂಜಿಗಿಂತಲೂ ಸಣ್ಣದು. ಚೆಸ್ ಕಲಿಸಲು ಒಂದೇ ಒಂದು ಮಗು ಸಿಕ್ಕರೆ ಸಾಕು. ಚಿಕ್ಕಂದಿನಲ್ಲಿ ಅವಳಿಗೆ ಜತೆಗೆ ಆಡುವವರು ಇರಲಿಲ್ಲ. ಬೋರ್ಡನ್ನು ತಾನೇ ತಿರುಗಿಸಿಕೊಂಡು, ತನ್ನ ಮೇಲೆ ತಾನೇ ಆಡಿ, ಸೋತ ಸಿಟ್ಟಿಗೆ ತನ್ನ ಜತೆ ತಾನೇ ಮಾತು ಬಿಟ್ಟು ಕೂರುತ್ತಿದ್ದಳು. ಇಷ್ಟು ದೊಡ್ಡ ಮುಂಬಯಿಯಲ್ಲಿ ಹಾಗೆ ಒಂಟಿಯಾಗಿ ಕೂತ ಹುಡುಗಿ ಇನ್ನೊಬ್ಬಳಾದರೂ ಇದ್ದೇ ಇರುತ್ತಾಳೆ, ಅವಳೆದುರು ಹೋಗಿ ತಾನು ಕೂರಬೇಕು, ಅಷ್ಟೇ. ಭಾಂಡುಪಿನಲ್ಲೂ ಅವಳು ಸಿಗದಿದ್ದರೆ ಬೋರ್ಡುಗಳನ್ನು ಗಂಟುಕಟ್ಟಿ ಅಟ್ಟಕ್ಕೆ ಎಸೆಯುವುದೆಂದು ನಿಶ್ಚಯಿಸಿ ಆ ಬೆಳಿಗ್ಗೆ ಲೋಕಲ್ ಹತ್ತಿದ್ದಳು.

ಭಾಂಡುಪಿನ ಆ ಕಾಲನಿಯ ಕನ್ನಡ ಬಳಗಕ್ಕೆ ಪುಟ್ಟದೊಂದು ಹಾಲ್ ಇತ್ತು. ಭಾನುವಾರ ಬೆಳಿಗ್ಗೆ ಅದು ಖಾಲಿ. ಅದರ ಮೇಲೆ ಕಣ್ಣಿಟ್ಟವರು ಇಬ್ಬರು: ಪುಕ್ಕಟೆಯಾಗಿ ಚೆಸ್ ಕಲಿಸುತ್ತೇನೆಂದ ನಮಿತಾ ಮತ್ತು ಜುಂಬಾ ಡ್ಯಾನ್ಸ್ ಕಲಿಸುವ ಒಬ್ಬಾಕೆ. ಅಧ್ಯಕ್ಷ ಪೂವಪ್ಪನವರು ಸ್ಟೇಷನ್ ಪಕ್ಕ ಹೋಟೆಲು ನಡೆಸುವವರು, ಗಿರಾಕಿಗೆ ಬೇಡವೆಂದು ಹೇಳಿ ಗೊತ್ತಿಲ್ಲದವರು. ಅವರು ಇಬ್ಬರಿಗೂ ಹೂಂ ಎಂದಿದ್ದರು. ಕಡೆಗೆ, ಮಕ್ಕಳು ಚಾಂಪಿಯನ್ ಜತೆ ಒಂದೊಂದು ಆಟ ಆಡಲಿ, ಆಮೇಲೆ ಅಪ್ಪ ಅಮ್ಮಂದಿರು ಕೈಯೆತ್ತಲಿ, ಹೆಚ್ಚು ಕೈ ಯಾರಿಗೋ ಹಾಲ್ ಅವರಿಗೆ ಎಂದು ತೀರ್ಮಾನವಾಗಿತ್ತು.

ಮಹಿಳಾ ವಿಭಾಗದ ಶೀಲಾವತಿಯಕ್ಕ ನಮಿತಾಳನ್ನು ಬಾಗಿಲಲ್ಲೇ ಹಿಡಿದು, ಕೈಗೆ ಶಿರಾ ಉಪ್ಪಿಟ್ಟಿನ ತಟ್ಟೆ ಕೊಟ್ಟು, ಕಂಬದ ಮರೆಗೆ ಎಳೆದರು. ವಿಲೆ ಪಾರ್ಲೆಯ ಅಳುವಿನ ಸುದ್ದಿ ಸೆಂಟ್ರಲ್ ಲೈನಿನ ಈ ಭಾಂಡುಪಿಗೂ ಬಂದು ಮುಟ್ಟಿತ್ತು.

“ನಾನು ನಿಮ್ಮ ಅಕ್ಕನ ಹಾಗೆ ಹೇಳುದು. ಇವತ್ತು ನೀವು ಸೋಲ್ಬೇಕು.”

“ಯಾರಿಗೆ?”

“ಎಲ್ಲರಿಗೂ ಮಾರಾಯ್ರೆ. ಒಬ್ಬನಿಗೆ ಸೋತು ಇನ್ನೊಬ್ಬನನ್ನು ಸೋಲಿಸಿದ್ರೆ ಈ ಬಿಲ್ಡಿಂಗಲ್ಲಿ ನಾವು ಇರುದು ಹೇಗೆ?”

ಗೆದ್ದ ಮಗು ನಾಳೆ ಕುಣಿದುಕೊಂಡು ಬರುತ್ತದೆ, ಸೋತ ಮಗು ಮೊಬೈಲಿಗೆ ವಾಪಸ್ ಹೋಗುತ್ತದೆ ಎಂದು ಅವರು ವಿವರಿಸಿದರು. ಬೇಕೆಂದೇ ಸೋಲುವುದು ನಮಿತಾಳಿಗೆ ರುಚಿಸಲಿಲ್ಲ. ಆದರೆ ವಿಲೆ ಪಾರ್ಲೆಯ ಹುಡುಗನ ಮುಖ ಕಣ್ಣಮುಂದೆ ಬಂತು. ಶಿರಾ ನುಂಗಿ, ಆಗಲಿ ಎಂದಳು. ಸೋಲುವುದೇನು ಮಹಾ, ಯಾರಿಗಾದರೂ ಬರುತ್ತದೆ ಎಂದೇ ಅವಳ ಎಣಿಕೆ.

ಆಟಕ್ಕೆ ಮೊದಲು ಸನ್ಮಾನ. ಮುಂಬಯಿಯ ಕನ್ನಡಿಗರ ಹಾಲಿಗೆ ಹೊರಗಿನವರು ಯಾರೇ ಬಂದರೂ ಶಾಲು ಹೊದೆಯದೆ ಹೊರಗೆ ಹೋಗುವಂತಿಲ್ಲ. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು, ತಲೆಗೊಂದು ಜರಿಯ ಮೈಸೂರು ಪೇಟ ಬಂತು. ಪದಾಧಿಕಾರಿಗಳೆಲ್ಲ ಒಬ್ಬೊಬ್ಬರಾಗಿ ಮಾತಾಡಿದರು. ಚೆಸ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಫೋಟೋದವನು ಮಾತ್ರ ಬಂದಿರಲಿಲ್ಲ. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕಿನಲ್ಲಿ ಕುರ್ಲಾದ ಹತ್ತಿರ ಸಿಕ್ಕಿಕೊಂಡಿದ್ದ. ಫೋಟೋ ಆಗದಿದ್ದರೆ ಸನ್ಮಾನ ಆದ ಹಾಗೇ ಅಲ್ಲ, ಅವನು ಬರುವ ತನಕ ಪೇಟ ತೆಗೆಯಬೇಡಿ ಎಂದು ಪೂವಪ್ಪನವರು ಕೈಮುಗಿದರು. ಹೀಗೆ ನಮಿತಾ ಅಂಬಾರಿ ಹೊತ್ತ ಆನೆಯ ಹಾಗೆ ಮೆಲ್ಲಗೆ ಹೆಜ್ಜೆಯಿಡುತ್ತ, ಸಾಲಾಗಿಟ್ಟ ಆರು ಬೋರ್ಡುಗಳ ಮುಂದೆ ಸೋಲಲು ನಿಂತಳು.

ಮೊದಲ ಬೋರ್ಡಿನಲ್ಲಿ ಸೃಜನ್. ನಮಿತಾ ನಾಲ್ಕನೆಯ ನಡೆಗೇ ತನ್ನ ರಾಣಿಯನ್ನು ಅವನ ಬಾಯಿಗೆ ಇಟ್ಟಳು. ಹುಡುಗ ಕೈಚಾಚಿದ. ಹಿಂದೆ ನಿಂತಿದ್ದ ಅವನ ತಾಯಿ ಆ ಕೈಯ ಮೇಲೆ ಛಟ್ಟನೆ ಒಂದು ಕೊಟ್ಟಳು.

“ಮುಟ್ಬೇಡ. ಚಾಂಪಿಯನ್ ಯಾರಾದ್ರೂ ಸುಮ್ನೆ ಕೊಡ್ತಾರಾ? ಒಳಗೆ ಏನೋ ಇದೆ.”

ಈ ಮಾತು ಬೆಂಕಿಯ ಹಾಗೆ ಸಾಲಿನುದ್ದಕ್ಕೂ ಹಬ್ಬಿತು. ನಮಿತಾ ಏನು ಕೊಟ್ಟರೂ, ರಾಕ್ಷಸಿ ಕೊಟ್ಟ ಹಣ್ಣನ್ನು ನೋಡುವ ಹಾಗೆ ನೋಡಿ ಮಕ್ಕಳು ಕೈ ಹಿಂದೆಳೆದರು. ಅವಳು ಆನೆಯನ್ನು ಕೊಟ್ಟಳು, ಕುದುರೆಯನ್ನು ಕೊಟ್ಟಳು, ರಾಜನನ್ನು ಕೋಟೆಯಿಂದ ಹೊರಗೆಳೆದು ನಡುಬೀದಿಯಲ್ಲಿ ನಿಲ್ಲಿಸಿದಳು. ಯಾರೂ ಕೊಲ್ಲಲಿಲ್ಲ. ಎರಡನೆಯ ಬೋರ್ಡಿನ ಪ್ರೀತಮ್, ಗೆಲ್ಲಲು ಒಂದೇ ನಡೆ ಉಳಿದಿದ್ದಾಗ, ಶಿರಾದ ಪಾತ್ರೆ ತಳ ಕಾಣುತ್ತಿರುವುದನ್ನು ನೋಡಿ ತನ್ನ ರಾಜನನ್ನು ಕೆಡವಿ, ಸೋತೆನೆಂದು ಎದ್ದುಬಿಟ್ಟ. ನಮಿತಾ ಅವನನ್ನು ಅಂಗಿ ಹಿಡಿದು ಕೂರಿಸಿ, ಬಿದ್ದ ರಾಜನನ್ನು ಎಬ್ಬಿಸಿ, ಇನ್ನೂ ಮುಗಿದಿಲ್ಲ ಪುಟ್ಟಾ ಎಂದು ಗೋಗರೆದು, ಅವನ ಬೆರಳಿಗೆ ಬೆರಳು ಕೊಟ್ಟು ತನ್ನನ್ನು ತಾನೇ ಕೊಲ್ಲಿಸಿಕೊಂಡಳು. ಸೃಜನನಿಂದ ಹಿಡಿದು ಐದನೆಯ ಬೋರ್ಡಿನ ತನಕ ಎಲ್ಲರಿಗೂ ಹೀಗೇ ಗೋಗರೆದು ಸೋತಳು. ರಾಜ್ಯ ಮಟ್ಟದ ಫೈನಲ್ಲಿನಲ್ಲೂ ಅವಳು ಇಷ್ಟು ಬೆವತಿರಲಿಲ್ಲ.

ಕೊನೆಯ ಬೋರ್ಡಿನಲ್ಲಿ ಏಳೆಂಟು ನಡೆ ಆಗುವಷ್ಟರಲ್ಲಿ ಅವಳು ಕುರ್ಚಿ ಎಳೆದುಕೊಂಡು ಕೂತಳು.

ಅಲ್ಲಿ ಕೂತವಳು ಪ್ರಣೀತಾ ಎಂಬ ಸಣಕಲು ಹುಡುಗಿ. ಹಿಂದೆ ನಿಂತವರು ಗದಗಿನ ಕಡೆಯ ದೇವಕ್ಕ, ಅವಳ ಅಜ್ಜಿ. ಹುಡುಗಿ ನಡುಮನೆಗಳನ್ನು ಹಿಡಿದಿದ್ದಳು, ಕುದುರೆಗಳನ್ನು ಹೊರತಂದಿದ್ದಳು, ರಾಜನನ್ನು ಮೂಲೆಯ ಕೋಟೆಗೆ ಸೇರಿಸಿದ್ದಳು. ಯಾರು ಕಲಿಸಿದರೆಂದು ಕೇಳಿದರೆ, ಯಾರೂ ಇಲ್ಲ, ಮೊಬೈಲಲ್ಲಿ ನೋಡಿದೆ ಎಂದಳು, ಬೋರ್ಡಿನಿಂದ ಕಣ್ಣೆತ್ತದೆ. ಕೆನ್ನೆಯ ಮೇಲೆ ಸೊಳ್ಳೆ ಕೂತಿತ್ತು. ಅದರ ಅರಿವೇ ಅವಳಿಗಿಲ್ಲ.

ಇವಳೇ, ಎಂದುಕೊಂಡಳು ನಮಿತಾ. ಏಳು ಸಮುದ್ರ ದಾಟಿ ಹುಡುಕುವ ರಾಜಕುಮಾರಿ ಭಾಂಡುಪಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸಿಕ್ಕಿದ್ದಳು. ಬೇರೆ ಐವರು ಬಂದರೂ ಸರಿ, ಬಿಟ್ಟರೂ ಸರಿ. ಇವಳು ಗೆಲ್ಲಬೇಕು, ಇವಳು ನಾಳೆ ಕುಣಿದುಕೊಂಡು ಬರಬೇಕು.

ಅಷ್ಟರಲ್ಲಿ ದೇವಕ್ಕ ಬಗ್ಗಿ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ಮೊದಲ ಬಾರಿಗೆ ತಲೆಯೆತ್ತಿ ನಮಿತಾಳ ಪೇಟವನ್ನೂ ಶಾಲನ್ನೂ ನೋಡಿ, ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದಳು. ಪಾಪ, ಧೈರ್ಯ ಹೇಳಿದ್ದಾರೆ, ಆದರೂ ಮಗುವಿಗೆ ಹೆದರಿಕೆ ಎಂದುಕೊಂಡಳು ನಮಿತಾ.

ಅವಳು ರಾಣಿಯನ್ನು ಕೊಟ್ಟಳು. ಪ್ರಣೀತಾ ಅದನ್ನು ದೀರ್ಘವಾಗಿ ನೋಡಿ, ನಿಟ್ಟುಸಿರಿಟ್ಟು, ಮೂಲೆಯ ಕಾಲಾಳೊಂದನ್ನು ಸುಮ್ಮನೆ ತಳ್ಳಿದಳು. ಮುಂದಿನ ನಡೆಗೆ ತನ್ನ ಆನೆಯನ್ನೇ ನಮಿತಾಳ ದಾರಿಗೆ ತಂದಿಟ್ಟಳು. ನಮಿತಾ ಅದನ್ನು ಕಾಣದವಳಂತೆ ಒಂಟೆಯನ್ನು ಕೊಟ್ಟಳು. ಪ್ರಣೀತಾ ಒಂಟೆಯನ್ನು ಕಾಣದವಳಂತೆ ರಾಣಿಯನ್ನೇ ತಂದು ನಿಲ್ಲಿಸಿದಳು. ಮದುವೆಮನೆಯ ಮೊದಲ ಪಂಕ್ತಿಯಲ್ಲಿ ‘ನೀವು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ’ ಎಂದು ಬೀಗಿತ್ತಿಯರು ಹೊಡೆದಾಡುವ ಹಾಗಾಯಿತು. ಪೇಟ ಹುಬ್ಬಿನ ಮೇಲೆ ಜಾರಿತ್ತು. ಹೆದರಿಕೆಗೆ ಮಗುವಿನ ಕೈಯೇ ತಪ್ಪುತ್ತಿದೆಯೆಂದು ನಮಿತಾ ಒಳಗೊಳಗೇ ಕರಗಿಹೋದಳು. ಹೀಗೇ ಬಿಟ್ಟರೆ ಈ ಹುಡುಗಿ ಸೋತೇ ಬಿಡುತ್ತಾಳೆ.

ಆಗ ಅವಳು ತನ್ನ ವಿದ್ಯೆಯನ್ನೆಲ್ಲ ಹೊರತೆಗೆದಳು. ಗೆಲ್ಲಲು ಕಲಿತದ್ದನ್ನೆಲ್ಲ ತಿರುವುಮುರುವು ಮಾಡಿ, ಹುಡುಗಿಯ ಕಾಲಾಳುಗಳನ್ನು ಒಂದೊಂದಾಗಿ ಕಟ್ಟಿಹಾಕಿ, ಓಡುವ ದಾರಿಗಳನ್ನೆಲ್ಲ ಮುಚ್ಚಿ, ತನ್ನ ರಾಜನನ್ನು ತಾನೇ ಮೂಲೆಗೆ ನೂಕಿಕೊಂಡಳು. ಕಡೆಗೆ ಪ್ರಣೀತಾಳಿಗೆ ನಡೆಸಲು ಒಂದೇ ಒಂದು ನಡೆ ಉಳಿಯಿತು. ಅದನ್ನು ನಡೆಸಿದರೆ ನಮಿತಾಳ ರಾಜನಿಗೆ ಚೆಕ್‌ಮೇಟ್. ನಡೆಸದೆ ವಿಧಿಯಿಲ್ಲ. ನಮಿತಾ ಬದುಕಿನಲ್ಲಿ ಇಷ್ಟು ಸೊಗಸಾದ ಆಟ ಆಡಿರಲಿಲ್ಲ, ಅದು ಅವಳಿಗೇ ಗೊತ್ತು. ಹಾಲಿನಲ್ಲಿ ಇನ್ನು ಯಾರಿಗೂ ಗೊತ್ತಿಲ್ಲ.

ಪ್ರಣೀತಾ ಬಹಳ ಹೊತ್ತು ಹುಡುಕಿದಳು. ಕಣ್ಣು ತುಂಬಿ ಬಂತು. ಕೊನೆಗೆ ಆ ನಡೆಯನ್ನೇ ನಡೆಸಿದಳು. ಆನಂದಬಾಷ್ಪ, ಎಂದುಕೊಂಡು ನಮಿತಾ ತಾನೂ ಕಣ್ಣೊರೆಸಿಕೊಂಡಳು. ಏದುಸಿರು ಬಿಡುತ್ತ ಒಳನುಗ್ಗಿದ ಫೋಟೋದವನು, ಪೇಟ ತೊಟ್ಟ ಚಾಂಪಿಯನ್ ಮಗುವಿನೆದುರು ತಲೆತಗ್ಗಿಸಿ ಕೂತದ್ದನ್ನು ಚೆನ್ನಾಗಿ ಹಿಡಿದುಕೊಂಡ.

ಪೂವಪ್ಪನವರು ಮೈಕ್ ತೆಗೆದುಕೊಂಡರು. ನಮ್ಮ ಆರೂ ಮಕ್ಕಳು ಚಾಂಪಿಯನ್ನರನ್ನೇ ಸೋಲಿಸಿದ್ದಾರೆಂದು ಹೇಳುವಾಗ ಅವರ ದನಿ ಗದ್ಗದವಾಯಿತು. ಚೆಸ್ ನಮ್ಮ ಮಕ್ಕಳ ರಕ್ತದಲ್ಲೇ ಇದೆ, ಅದನ್ನು ಇನ್ನು ಕಲಿಸುವ ಅಗತ್ಯವಿಲ್ಲ, ಅತಿಥಿಗೆ ಅನವಶ್ಯಕ ಶ್ರಮ. ಆದರೆ ಡ್ಯಾನ್ಸ್ ಮಾತ್ರ ನಮ್ಮವರಿಗೆ ಬರುವುದಿಲ್ಲ ಎಂಬುದನ್ನು ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ಎಲ್ಲರೂ ನೋಡಿದ್ದೇವೆ. ಜುಂಬಾಕ್ಕೆ ಹಾಲಿನ ತುಂಬ ಕೈಗಳು ಎದ್ದವು. ಶೀಲಾವತಿಯಕ್ಕನದೂ ಎದ್ದಿತು. ನಮಿತಾ ಅವರ ಕಡೆ ನೋಡಿದಾಗ ಅವರು ಹತ್ತಿರ ಬಂದು ಪಿಸುಗುಟ್ಟಿದರು:

“ಸೋಲಿ ಅಂತ ನಾನೇ ಹೇಳಿದ್ದು, ಹೌದು. ಆದ್ರೆ ಇಷ್ಟು ಚಂದ ಸೋಲ್ತೀರಿ ಅಂತ ನನಗೆ ಗೊತ್ತಿರ್ಲಿಲ್ಲ.”

ಹಾಲ್ ಹೋಯಿತು. ಹೋಗಲಿ, ಎಂದಿತು ನಮಿತಾಳ ಮನಸ್ಸು. ಹುಡುಗಿ ಸಿಕ್ಕಿದ್ದಾಳಲ್ಲ. ಹಾಲ್ ಇಲ್ಲದಿದ್ದರೆ ಅವಳ ಮನೆಯ ಅಡಿಗೆಕೋಣೆಯಲ್ಲಿ ಕೂತು ಆಡೋಣ. ಅವಳು ಗುಂಪನ್ನು ಸರಿಸಿಕೊಂಡು ಓಡಿದಳು. ಬಾಗಿಲ ಬಳಿ ದೇವಕ್ಕ ಮೊಮ್ಮಗಳನ್ನು ನಿಲ್ಲಿಸಿಕೊಂಡು ಗದರುತ್ತಿದ್ದರು.

“ಶಾಲು ಹೊದಿಸಿ ಸನ್ಮಾನ ಮಾಡಿದ ಮಂದೀನ ಸೋಲಿಸಬಾರದವ್ವಾ, ನೀನ ಸೋಲು ಅಂತ ಕಿವ್ಯಾಗ ಹೇಳಿದ್ನಿಲ್ಲ? ಬಂದಾಕಿ ಮಾರಿ ಹ್ಯಾಂಗ ನೋಡಲಿ ನಾ ಈಗ?”

ಪ್ರಣೀತಾ ಬಿಕ್ಕುತ್ತಿದ್ದಳು. “ಮೈ ಕ್ಯಾ ಕರೂಂ ಅಜ್ಜಿ, ನಾನೇನು ಮಾಡ್ಲಿ? ಹಾಥಿ ಕೊಟ್ಟೆ, ರಾಣಿ ಕೊಟ್ಟೆ, ಸಬ್ ಕುಛ್ ಕೊಟ್ಟೆ. ಅವ್ರಿಗೆ ತಗೊಳ್ಳೋಕೇ ಬರಲ್ಲ. ನಾನು ಎಷ್ಟು ಟ್ರೈ ಮಾಡಿದ್ರೂ ಸೋಲೋಕೆ ಆಗ್ಲಿಲ್ಲ.”

ನಮಿತಾ ಹುಡುಗಿಯ ಮುಂದೆ ಮೊಣಕಾಲೂರಿ, ಬೇರೆ ತಾಯಂದಿರಿಗೆ ಕೇಳಿಸದಂತೆ ಸಣ್ಣ ದನಿಯಲ್ಲಿ, ತಾನು ಬೇಕೆಂದೇ ಸೋತದ್ದು, ನಿಜವಾಗಿ ಇನ್ನೊಂದೇ ಒಂದು ಆಟ ಆಡೋಣ ಎಂದು ಬೇಡಿಕೊಂಡಳು.

ಪ್ರಣೀತಾ ಮೂಗು ಒರೆಸಿಕೊಂಡು ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಕರುಣೆ.

“ಸೋತೋರೆಲ್ಲ ಹಾಗೇ ಹೇಳ್ತಾರೆ ಆಂಟಿ,” ಎಂದಳು. “ರೋಜ್ ಸ್ವಲ್ಪ ಪ್ರಾಕ್ಟೀಸ್ ಮಾಡಿ. ಬರುತ್ತೆ.”

ಆಮೇಲೆ ಅಜ್ಜಿಯ ಕೈ ಬಿಡಿಸಿಕೊಂಡು, ಜುಂಬಾಕ್ಕೆ ಹೆಸರು ಬರೆಸುವ ಸಾಲಿನಲ್ಲಿ ಹೋಗಿ ನಿಂತಳು.