ಟವೆಲ್ಲಿನ ಕೆಳಗೆ ಮುಗಿದ ಅಡ್ಮಿಷನ್

ಅರ್ಥಶಾಸ್ತ್ರ ಕಲಿಸುವವನ ಮನೆಯಲ್ಲಿ ಲೆಕ್ಕಾಚಾರ ಚೊಕ್ಕಟವಾಗಿರುತ್ತದೆ ಎಂದು ಜನ ನಂಬಿದ್ದಾರೆ. ನಂಬಿಕೊಂಡಿರಲಿ, ನನ್ನದೇನೂ ತಕರಾರಿಲ್ಲ. ಹುನಗುಂದದ ಪಿಯು ಕಾಲೇಜಿನಲ್ಲಿ ಇಷ್ಟು ವರ್ಷ ಬೇಡಿಕೆ, ಪೂರೈಕೆ ಎಂದು ಗಂಟಲು ಹರಿದುಕೊಂಡಿದ್ದರೂ, ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಹೆಂಡತಿ ಗಿರಿಜಾ ನನ್ನನ್ನು ದೂರ ನಿಲ್ಲಿಸುತ್ತಾಳೆ. ನನ್ನ ಮುಖ ಕಂಡರೆ ಮಾರುವವಳು ದರ ಏರಿಸುತ್ತಾಳಂತೆ. ಒಮ್ಮೆ ಇಳಕಲ್ಲಿಗೆ ನಾನೊಬ್ಬನೇ ಹೋಗಿ ಅವಳಿಗೊಂದು ಸೀರೆ ತಂದಿದ್ದೆ. ಬೆಲೆ ಕೇಳಿದ ಮೇಲೆ ಅವಳು ಆ ಸೀರೆ ಉಟ್ಟಿದ್ದು ಕಡಿಮೆ, ಬಂದವರಿಗೆ ತೋರಿಸಿ ನನ್ನ ಕಥೆ ಹೇಳಿದ್ದೇ ಹೆಚ್ಚು. ಇಂಥ ನನಗೆ ಈ ವರ್ಷ ದೊಡ್ಡದೊಂದು ವ್ಯಾಪಾರ ಗಂಟುಬಿತ್ತು. ಪಿಯುಸಿ ಮುಗಿಸಿದ ಮಗಳು ಸವಿತಾ, ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಫುಡ್ ಟೆಕ್ನಾಲಜಿ ಓದುತ್ತೇನೆ ಎಂದಳು.

ಆ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಹುಲ್ಲುಹಾಸು ಎರಡು ಪುಟಗಳ ತುಂಬ ಹರಡಿತ್ತು, ಫೀ ಮಾತ್ರ ಕೊನೆಯ ಪುಟದ ಮೂಲೆಯಲ್ಲಿ ಇರುವೆ ಸಾಲಿನಂತೆ ಮುದುಡಿಕೊಂಡಿತ್ತು. ನಾನು ಕನ್ನಡಕ ಒರೆಸಿ ಲೆಕ್ಕಕ್ಕೆ ಕುಳಿತೆ. ಒಂದು ಕಡೆ ಫೀ, ಹಾಸ್ಟೆಲ್ಲು, ಊಟ, ಬಟ್ಟೆಬರೆ. ಇನ್ನೊಂದು ಕಡೆ ಮುಂದೆ ಅವಳಿಗೆ ಬರಬಹುದಾದ ಪಗಾರ. ತೊಂದರೆಯೆಂದರೆ ಈ ಲೆಕ್ಕ ನನ್ನ ಮನಸ್ಸಿನ ಹವಾಮಾನ ನೋಡಿ ಉತ್ತರ ಕೊಡುತ್ತಿತ್ತು. ಒಳ್ಳೆಯ ಚಹಾ ಕುಡಿದು ಕುಳಿತರೆ ಹಾಕಿದ ದುಡ್ಡು ಬೇಗ ತಿರುಗಿ ಬರುತ್ತಿತ್ತು. ಕರೆಂಟ್ ಬಿಲ್ ನೋಡಿ ಕುಳಿತರೆ ಅವಳು ನಿವೃತ್ತಳಾದರೂ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಗೆಳೆಯ, “ಅದ ರೊಕ್ಕ ಬ್ಯಾಂಕಿನ್ಯಾಗ ಇಟ್ರ ಹೆಂಗ್ರಿ?” ಎಂದ. ಲೆಕ್ಕ ಹಾಕಿದೆ, ಬ್ಯಾಂಕು ಗೆದ್ದಿತು. ಬಾಗಲಕೋಟೆಯ ನವನಗರದಲ್ಲಿ ಪ್ಲಾಟು ಹಿಡಿದರೆ ಎಂದ, ಪ್ಲಾಟೂ ಗೆದ್ದಿತು. ಹೀಗೆ ಎಲ್ಲವೂ ನನ್ನ ಮಗಳನ್ನು ಸೋಲಿಸುತ್ತ ಹೋಗಿ, ಕೊನೆಗೆ ಒಂದು ಜೋಡಿ ಎಮ್ಮೆಗಳೂ ಸೋಲಿಸಿದವು.

“ಅಪ್ಪಾ, ಎಮ್ಮಿ ಜೋಡಿ ನನ್ನ ತೂಗಾಕತ್ತೀ ಏನ?” ಎಂದಳು ಸವಿತಾ. ಲೆಕ್ಕಕ್ಕಷ್ಟೇ ಎಂದು ಸಮಾಧಾನ ಮಾಡಲು ಹೋದೆ. ಅಡುಗೆಮನೆಯಿಂದ ಗಿರಿಜಾ, “ನಿಮ್ಮ ಎಂ.ಎ.ಕ್ಕ ಮಾವಾರು ಹಿಂಗ ಲೆಕ್ಕಾ ಹಾಕಿದ್ರ ನೀವು ಇವತ್ತ ಎಮ್ಮಿ ಕಾಯ್ತಿದ್ರಿ. ಮನೀಗೆ ಹಾಲರೆ ಬರ್ತಿತ್ತು” ಎಂದಳು.

ನಿಜ ಹೇಳಿಬಿಡುತ್ತೇನೆ. ಲೆಕ್ಕ ನಷ್ಟ ತೋರಿಸಿದಾಗಲೆಲ್ಲ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು. ಬಾಗಲಕೋಟೆಯ ಕಾಲೇಜಿಗೆ ಬಿ.ಎಸ್ಸಿ.ಗೆ ಸೇರಿದರೆ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುತ್ತಾಳೆ. ಅಲ್ಲಿ ಅವಳು ಬಯಸಿದ ವಿಷಯವಿಲ್ಲ, ಆದರೆ ಅವಳು ಮನೆಯಲ್ಲಿರುತ್ತಾಳೆ. ಈ ವಿಶ್ವವಿದ್ಯಾಲಯವಾದರೆ ಹಾಸ್ಟೆಲ್ಲು. ಊಟಕ್ಕೆ ಕುಳಿತಾಗ ನನ್ನ ತಟ್ಟೆಯ ಶೇಂಗಾ ಚಟ್ನಿಗೆ ಕೈ ಹಾಕುವವರು ಇರುವುದಿಲ್ಲ ಎಂದು ನೆನೆದರೇ ದಿಗಿಲಾಗುತ್ತಿತ್ತು. ದಿಗಿಲನ್ನು ಅಂಕಿಯಲ್ಲಿ ಬರೆಯುವುದು ನನಗೆ ತಿಳಿಯದು. ಹಾಗಾಗಿ ಬಡ್ಡಿದರ ಏರಿಸುತ್ತಿದ್ದೆ.

ಲೆಕ್ಕ ಮುಗಿಯುವ ಲಕ್ಷಣ ಕಾಣದೆ ಗಿರಿಜಾ ನನ್ನ ಸೋದರಮಾವ ಸಂಗಪ್ಪನಿಗೆ ಫೋನ್ ಹಚ್ಚಿದಳು. ಮಾವ ಅಮೀನಗಡದ ಕುರಿ ಸಂತೆಯಲ್ಲಿ ದಲಾಲ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರೊಳಗೆ ಎದುರಿನವನ ಬೆರಳು ಒತ್ತಿ ಕೇಳುತ್ತಾರೆ, ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ದಲಾಲ “ಮುಗೀತು” ಎಂದರೆ ಮುಗಿಯಿತು, ಸಂಚಕಾರವೆಂದು ಮುಂಗಡ ಕೊಟ್ಟು ಟಗರು ಹೊಡೆದುಕೊಂಡು ಹೋಗಬೇಕು. ಸವಿತಾ ಚಿಕ್ಕವಳಿದ್ದಾಗ ರಜೆಗೆ ಹೋಗಿ, ಅಜ್ಜನ ವರಸೆಯ ಈ ಮುತ್ಯಾನ ಪಕ್ಕ ಕುಳಿತು ಬೆರಳಿನ ಭಾಷೆಯನ್ನೆಲ್ಲ ಕಲಿತಿದ್ದಳು. ನನಗೆ ಮಾತ್ರ ಮಾವ ಕಲಿಸಲಿಲ್ಲ. “ನಿನ್ನ ಮುಖದಾಗ ಎಲ್ಲಾ ಕಾಣತೈತಿ, ಟವೆಲ್ ಮುಖದ ಮ್ಯಾಲ ಹಾಕಬೇಕಾಗತೈತಿ” ಎಂದಿದ್ದ.

ಬಾಗಲಕೋಟೆಯ ನವನಗರದ ಕಲ್ಯಾಣ ಮಂಟಪವೊಂದರಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶ ಮೇಳ ನಡೆದಿತ್ತು, ಮಾವನೊಂದಿಗೆ ನಾನೂ ಸವಿತಾಳೂ ಹೋದೆವು. ಸಾಲು ಸಾಲು ಟೇಬಲ್ಲು, ಬ್ಯಾನರು, ಕೂಗಿ ಕರೆಯುವ ಹುಡುಗರು. ಮಾವ ಬಾಗಿಲಲ್ಲೇ ನಿಂತು, “ಲೇ ಬಸು, ಇದು ನಮ್ಮ ಸಂತೀನ ಐತಲ್ಲೋ. ಕುರಿ ಅಷ್ಟ ಇಲ್ಲ” ಎಂದ. ಪುಸ್ತಿಕೆ ಹಿಡಿದು ಬಾಯಿ ತೆರೆದು ನಿಂತಿದ್ದ ನನ್ನಂಥ ತಂದೆಯರನ್ನೆಲ್ಲ ಒಮ್ಮೆ ನೋಡಿದೆ, ಕೊನೆಯ ಮಾತನ್ನು ಒಪ್ಪಬೇಕೆನಿಸಲಿಲ್ಲ.

ಸವಿತಾ ಬಯಸಿದ ವಿಶ್ವವಿದ್ಯಾಲಯದ ಟೇಬಲ್ಲಿನಲ್ಲಿ ಟೈ ಕಟ್ಟಿದ ಯುವಕನಿದ್ದ, ದಕ್ಷಿಣದ ಕಡೆಯವನು. “ಬನ್ನಿ ಸರ್, ಕುಳಿತುಕೊಳ್ಳಿ. ಇದನ್ನು ಖರ್ಚು ಅಂದುಕೊಳ್ಳಬೇಡಿ, ಹೂಡಿಕೆ ಅಂದುಕೊಳ್ಳಿ” ಎಂದ. ಕೊಳ್ಳಲು ಬಂದವನು ಮೊದಲು ಮಾಲಿನಲ್ಲಿ ಐಬು ತೆಗೆಯಬೇಕು, ಅದು ಸಂತೆಯ ರಿವಾಜು. ಮಾವ ಶುರು ಮಾಡಿದ.

“ಹುಡುಗಿ ನಮ್ದು. ಓದಾಕಿ ನಮ್ಮಾಕಿ. ಮ್ಯಾಲ ರೊಕ್ಕಾನೂ ನಮ್ದ. ಇದರಾಗ ನಿಮ್ದೇನೈತಿ?”

“ನಮ್ಮದು ಕ್ಯಾಂಪಸ್ ಸರ್. ದೊಡ್ಡ ಜಾಗ, ಸುತ್ತ ಕಾಂಪೌಂಡು, ಕಾವಲು.”

“ದೊಡ್ಡಿ ಅನ್ನು. ಮೇವು?”

ಯುವಕನಿಗೆ ತಿಳಿಯಲಿಲ್ಲ, ನಾನು ನಾಚುತ್ತ ಊಟದ ವಿಷಯ ಎಂದೆ. “ಅದಕ್ಕೆ ಬೇರೆ ಕಟ್ಟಬೇಕು ಸರ್” ಎಂದ.

ಮಾವ ಹೆಗಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಟೇಬಲ್ಲಿನಾಚೆ ಚಾಚಿದ. ಹಿರಿಯರ ಕೈಗೇನೋ ನೋವಿದೆ ಎಂದು ತಿಳಿದ ಯುವಕ ಬಹಳ ಮರ್ಯಾದೆಯಿಂದ ಟವೆಲ್ಲಿನೊಳಗೇ ಕೈ ಹಾಕಿ ಕುಲುಕತೊಡಗಿದ. ಮಾವ ಬೆರಳೊತ್ತಿ ದರ ಕೇಳಿದ. ಯುವಕ ಥ್ಯಾಂಕ್ಯೂ ಎನ್ನುತ್ತ ಐದೂ ಬೆರಳು ಅದುಮಿದ. ಮಾವ ಕಡಿಮೆ ಮಾಡಿ ಒತ್ತಿದ. ಅವನು ಇನ್ನಷ್ಟು ಪ್ರೀತಿಯಿಂದ ಅದುಮಿದ. ಮಾವ ಸರಕ್ಕನೆ ಕೈ ಎಳೆದುಕೊಂಡು ನನ್ನ ಕಡೆ ತಿರುಗಿ, “ಭಾಳ ಕಠಿಣ ಅದಾನೋ ಇವ. ನಾ ಇಳಿಸಿದಂಗ ಏರಸಾಕತ್ತಾನ” ಎಂದ.

ಫೀ ಮೊದಲೇ ನಿಗದಿಯಾಗಿರುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಯುವಕ ವಿವರಿಸಿದ. “ಹಂಗಾರ ಕೈ ಯಾಕ ಕೊಟ್ಟಿ?” ಎಂದು ಮಾವ ಗದರಿಸಿದ. ಪಕ್ಕದ ಟೇಬಲ್ಲಿನವರು ನಗುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತ್ತು. ಆದರೂ, ವ್ಯಾಪಾರ ಮುರಿಯಿತು, ಇನ್ನು ಮನೆಗೆ ಹೋಗಬಹುದು ಎಂಬ ಸಣ್ಣ ಖುಷಿಯೂ ಇತ್ತು. ಸವಿತಾ ತಲೆ ತಗ್ಗಿಸಿ ಕುಳಿತಿದ್ದಳು.

ಮಾವ ಅವಳ ಕಡೆ ಕುರ್ಚಿ ತಿರುಗಿಸಿದ. “ಸವೀ, ಇವನ ದರ ಇಳಿಯೂದಿಲ್ಲ. ಇನ್ನ ಇರೂದು ಅಪ್ಪ ಮಗಳ ವ್ಯಾಪಾರ. ನಿಮ್ಮಪ್ಪ ಇಷ್ಟು ರೊಕ್ಕಾ ಹಾಕಾಂವ. ವಾಪಸ್ ಏನ್ ಕೊಡ್ತಿ, ಹೇಳು” ಎಂದು ಟವೆಲ್ ಹೊದ್ದ ಕೈ ಚಾಚಿದ. ಅವಳು ನನ್ನ ಮುಖ ಒಮ್ಮೆ ನೋಡಿ ಕೈ ಒಳಗೆ ಹಾಕಿದಳು. ಈ ಸಲ ಟವೆಲ್ ಅಲುಗಾಡಲೇ ಇಲ್ಲ. ಯುವಕನೂ ಪೆನ್ನು ಕೆಳಗಿಟ್ಟು ನೋಡುತ್ತ ಕುಳಿತ. ಬಹಳ ಹೊತ್ತಿನ ಮೇಲೆ ಮಾವ, “ಮುಗೀತು. ಬಸು, ಸಂಚಕಾರ ಕಟ್ಟು” ಎಂದ. ಎಷ್ಟಕ್ಕೆ ಮುಗಿಯಿತು ಎಂದು ದಲಾಲನನ್ನು ಸಂತೆಯಲ್ಲಿ ಕೇಳುವಂತಿಲ್ಲ. ಸೀಟು ಹಿಡಿದಿಡಲು ಬೇಕಾದ ಮುಂಗಡ ಕಟ್ಟಿಬಂದೆ.

ಬಸ್ಸಿನಲ್ಲಿ ಸವಿತಾಳನ್ನು ಕೇಳಿದೆ. “ಟವೆಲ್ ಒಳಗಿನ ಮಾತು ಹೊರಗ ಹೇಳಬಾರದಂತಪಾ” ಎಂದಳು. ಆಮೇಲೆ ಹಾಸ್ಟೆಲ್ಲಿಗೂ ಹೋದಳು. ನನ್ನ ತಟ್ಟೆಯ ಚಟ್ನಿ ತಟ್ಟೆಯಲ್ಲೇ ಉಳಿಯತೊಡಗಿತು. ತರಗತಿಯಲ್ಲಿ ಹೂಡಿಕೆ ಮತ್ತು ಪ್ರತಿಫಲ ಎಂದು ಬೋರ್ಡಿನ ಮೇಲೆ ಬರೆದಾಗಲೆಲ್ಲ ನನ್ನದೇ ಪ್ರತಿಫಲ ಎಷ್ಟಕ್ಕೆ ನಿಗದಿಯಾಗಿದೆಯೋ ತಿಳಿಯದೆ ಸೀಮೆಸುಣ್ಣ ಮುರಿಯುತ್ತಿತ್ತು. ತಡೆಯಲಾರದೆ ಒಂದು ಸಂತೆಯ ದಿನ ಅಮೀನಗಡಕ್ಕೇ ಹೋದೆ.

ಕುರಿಗಳ ಗದ್ದಲದ ನಡುವೆ ಮಾವ ನನ್ನನ್ನು ನೋಡಿ, “ಮೊದಲ ದಲಾಲಿ ಕೊಡು” ಎಂದ. ಕೊಟ್ಟೆ. ಅವನು ಅದನ್ನು ಒಳಜೇಬಿಗಿಟ್ಟು, ಟವೆಲ್ ಹೊದಿಸಿ ನನ್ನ ಕೈ ಹಿಡಿದ. ನಾನು ಬೆರಳಿಗಾಗಿ ಕಾದೆ. ಅವನು ಯಾವ ಬೆರಳನ್ನೂ ಒತ್ತಲಿಲ್ಲ.

“ಎಷ್ಟಂತ ತಿಳೀವಲ್ದು ಮಾವ.”

“ಆಕಿನೂ ಒಂದ ಬಟ್ಟನೂ ಒತ್ತಲಿಲ್ಲೋ. ಬರೇ ಹಿಡಕೊಂಡ್ಳು. ಕೈ ಥಂಡಗಾಗಿತ್ತು. ಹೋಗಾಕ ಭಾಳ ಆಸೆ, ನಿನ್ನ ಬಿಟ್ಟು ಹೋಗಾಕ ಅಂಜಿಕಿ. ಅದಕ್ಕ ಎಷ್ಟು ಬಟ್ಟು ಒತ್ತಬೇಕಂತ ಪಾಪ ಆಕೀಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಅದಕ್ಕ ಮುಗೀತು ಅಂದೆ.”

ಅಂದರೆ ದರವೇ ಕುದುರದ ವ್ಯಾಪಾರಕ್ಕೆ ನಾನು ಸಂಚಕಾರ ಕಟ್ಟಿ, ಈಗ ಅದಕ್ಕೆ ದಲಾಲಿಯನ್ನೂ ಕೊಟ್ಟಿದ್ದೆ. ಅರ್ಥಶಾಸ್ತ್ರದ ಮಾಸ್ತರನಾಗಿ ಜಗಳ ತೆಗೆಯಬೇಕೆಂದುಕೊಂಡೆ, ತೆಗೆಯಲಿಲ್ಲ. ಎಷ್ಟು ಹೊತ್ತು ಹಾಗೆಯೇ ನಿಂತಿದ್ದೆನೋ, ಹಿಂದಿನಿಂದ ಯಾರೋ ಹೆಗಲು ತಟ್ಟಿದರು.

“ಮಾಸ್ತರ, ಅಜ್ಜನ ಕೈ ಬಿಡ್ರಿ ಇನ್ನ. ನಮ್ಮ ಟಗರು ನಿಂತೈತಿ.”