ನಮ್ಮ ಮನೆಯನ್ನೇಕೆ ಕೇಳಲಿಲ್ಲ?

ಕಟ್ಟಡದ ತೊಂದರೆಗಳನ್ನು ತಿಳಿಯಲು ಚೀಟಿ ಎತ್ತಿ ಆರಿಸಿದ ಎಂಟು ಮನೆಗಳನ್ನು ವಿಚಾರಿಸಲಾಗಿದೆ, ಹೆಚ್ಚಿನವರು ಲಿಫ್ಟ್ ಎಂದಿದ್ದಾರೆ, ಈ ವರ್ಷದ ದುಡ್ಡು ಲಿಫ್ಟಿಗೆ. ನೋಟೀಸು ಓದಿದ್ದೇ ತಡ, ನಿವೃತ್ತ ಲೆಕ್ಕದ ಮೇಷ್ಟ್ರಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಅವರ ತಲೆಯ ಮೇಲಿನ ಮನೆಯವರು ದಿನವಿಡೀ ಕುರ್ಚಿ ಎಳೆಯುತ್ತಾರೆ. ಆ ನೆಲಕ್ಕೊಂದು ದಪ್ಪ ಜಮಖಾನ ಬಿದ್ದರೆ ಮಾತ್ರ ಇವರಿಗೆ ಮಧ್ಯಾಹ್ನದ ನಿದ್ದೆ. ಆ ಎಂಟರಲ್ಲಿ ಇವರ ಮನೆಯೇ ಇಲ್ಲ!

ಹಲ್ಲುಜ್ಜುತ್ತಿದ್ದ ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಹಾಗೇ ಹಿಡಿದರು.

"ಅನ್ನ ಬೆಂದಿದ್ಯಾ ನೋಡೋಕೆ ಒಂದಗುಳು ಸಾಕು ಮೇಷ್ಟ್ರೇ" ಎಂದ ಆತ, ಬಾಯಿ ತುಂಬ ನೊರೆಯಲ್ಲಿ.

"ಅಗುಳೆಲ್ಲ ಒಂದೇ ಪಾತ್ರೇಲಿ ಬೇಯುತ್ತೆ ಕಣಯ್ಯ. ಇಲ್ಲಿ ಮನೆಗೊಂದು ಒಲೆ. ಪ್ರತಿಯೊಬ್ಬರನ್ನೂ ಕೇಳ್ಬೇಕು."

ತಾವೇ ಹೊರಟರು. ಲಿಫ್ಟು ಕೆಟ್ಟಿತ್ತು; ಮೆಟ್ಟಿಲು ಹತ್ತಿದಷ್ಟೂ ಸಿಟ್ಟೂ ಹತ್ತಿತು. ಬಾಗಿಲು ತೆರೆದವರನ್ನು ಕೇಳಿದ್ದು ಒಂದೇ, ನಿಮಗೂ ತೊಂದರೆ ಕುರ್ಚಿ ಸದ್ದು ತಾನೆ? ಆ ಕಣ್ಣು ನೋಡಿ ಎಲ್ಲರೂ ಹೌದೆಂದು ತಲೆಯಾಡಿಸಿ ಚಿಲಕ ಹಾಕಿಕೊಂಡರು. ತುತ್ತತುದಿಯ ಮಹಡಿಯ ಅಜ್ಜಿ ಮಾತ್ರ, ನಮ್ಮ ತಲೆ ಮೇಲಿರೋದು ಆಕಾಶ, ಅಲ್ಲಿ ಯಾರಪ್ಪ ಕುರ್ಚಿ ಎಳೀತಾರೆ ಅಂದರು. ಮೇಷ್ಟ್ರು ಅದನ್ನೂ ಕುರ್ಚಿಯ ಲೆಕ್ಕಕ್ಕೇ ಸೇರಿಸಿದರು.

ಆ ಲೆಕ್ಕವನ್ನು ಕಾರ್ಯದರ್ಶಿ ಒಪ್ಪಲಿಲ್ಲ. ಹೆದರಿಸಿ ಪಡೆದ ಉತ್ತರ ಉತ್ತರವಲ್ಲ, ಬೇಕಾದರೆ ಎಲ್ಲರೂ ಕೆಳಗೆ ಬಂದು ಕೈ ಎತ್ತಲಿ ಎಂದ. ಸಂಜೆ ಅಂಗಳ ತುಂಬಿತು. ಕುರ್ಚಿ ಎಂದಾಗ ಎದ್ದದ್ದು ಮೇಷ್ಟ್ರ ಕೈ ಒಂದೇ, ಒಂಟಿ ಕಂಬದಂತೆ.

ಮೆಟ್ಟಿಲಿಳಿದು ಏದುಸಿರು ಬಿಡುತ್ತಿದ್ದ ಅಜ್ಜಿ ನಡುವೆ ಬಾಯಿ ಹಾಕಿದರು. "ಕುರ್ಚಿ ಸದ್ದು ನಮಗೆ ಕೇಳಲ್ಲಪ್ಪ. ಆ ಸದ್ದಿಗೆ ಈ ಮೇಷ್ಟ್ರು ಕೂಗಾಡೋದು ಮಾತ್ರ ತಾರಸಿವರೆಗೂ ಕೇಳುತ್ತೆ. ಅದು ಯಾರ್ಯಾರಿಗೆ ತೊಂದರೆ ಅಂತ್ಲೂ ಒಂದ್ಸಲ ಕೇಳಿಬಿಡು."

ಕಾರ್ಯದರ್ಶಿ ಕೇಳಿದ. ಕಳೆ ಎದ್ದ ಹೊಲದಂತೆ ಕೈಗಳೆದ್ದವು. ಲಿಫ್ಟಿನ ದುಡ್ಡಲ್ಲಿ ಮೇಷ್ಟ್ರ ಮನೆಯ ಬಾಗಿಲು ಕಿಟಕಿಗಳಿಗೇ ದಪ್ಪ ಜಮಖಾನ ಹೊಡೆಸುವುದೆಂದು ಅಲ್ಲೇ ತೀರ್ಮಾನವಾಯಿತು.

ಮೇಷ್ಟ್ರು ಕೂಗಲು ಬಾಯಿ ತೆರೆದರು. ಆಗ ಕಂಡಿತು, ಹಿಂದಿನ ಸಾಲಿನಲ್ಲಿ ಇನ್ನೂ ಇಳಿಯದ ಒಂದು ಕೈ, ಸೋಪಿನ ನೊರೆ ಆರದ, ಪರಿಚಯದ ಬಳೆಗಳ ಕೈ.

"ನೀನೂನಾ?"

"ಆ ಎಂಟು ಮನೆಗೇ ಬಿಟ್ಟಿದ್ರೆ ನನ್ನ ಯಾರೂ ಕೇಳ್ತಿರ್ಲಿಲ್ಲ, ನಾನೂ ಸುಮ್ನಿರ್ತಿದ್ದೆ" ಎಂದರು ಹೆಂಡತಿ. "ಪ್ರತಿಯೊಬ್ಬರನ್ನೂ ಕೇಳಿ ಅಂದೋರು ನೀವೇ ಅಲ್ವಾ?"