ಮಾವನ ಮೂವತ್ತೇಳು ಹೆಂಡಿರು

ನಮ್ಮ ಸೋದರಮಾವನಿಗೆ ಒಂದೂವರೆ ದಿನದ ಮಟ್ಟಿಗೆ ಮೂವತ್ತೇಳು ಹೆಂಡಿರಿದ್ದರು. ಅಷ್ಟೂ ಮದುವೆ ಮಾಡಿಸಿದವನು ನಾನೇ! ಮಾವನೋ, ಐವತ್ತೈದು ದಾಟಿದ ಬ್ರಹ್ಮಚಾರಿ.

ಮುಳಬಾಗಿಲಿನಲ್ಲಿ ಅಂಚೆ ಗುಮಾಸ್ತರಾಗಿದ್ದ ಅವರಿಗೆ ವಿಳಾಸದ ಹುಚ್ಚು. ಮದುವೆಮನೆಯಲ್ಲಿ ಎಲ್ಲರೂ ಊಟದ ಎಲೆ ಹುಡುಕಿದರೆ ಇವರು ಬೀಗರ ಅಜ್ಜಿಯನ್ನು ಹಿಡಿದು ಆಕೆಯ ತವರು ಯಾವುದೆಂದು ಕೇಳುತ್ತಿದ್ದರು. ಊರಿಗೆ ಬ್ರೌಸಿಂಗ್ ಸೆಂಟರ್ ಬಂದ ಕಾಲಕ್ಕೆ ಎಚ್‌ಟಿಎಂಎಲ್ ಕಲಿತು, ನೆಂಟರಿಗೆಲ್ಲ ತಲಾ ಒಂದು ವೆಬ್ ಪುಟ ಮಾಡಿದರು. ಪುಟದ ಕೆಳಗೆ ತಂದೆ, ತಾಯಿ, ಯಜಮಾನರು, ಪತ್ನಿ, ಮಕ್ಕಳು ಎಂಬ ಲಿಂಕುಗಳು. ಒತ್ತಿದರೆ ಅವರವರ ಪುಟ. ಆವನಿಯಿಂದ ಹೊರಟು ಸುಗಟೂರಿನ ಮೇಲೆ ಶ್ರೀನಿವಾಸಪುರ ಸೇರಲು ಬಸ್ಸೇ ಬೇಡ!

ಆ ಪುಟಗಳಿಗೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಒಂದು ದಿನ ಬಾಗಿಲು ಹಾಕಿತು. ಪುಟಗಳನ್ನು ಬೇರೆಡೆಗೆ ಸಾಗಿಸಿದ್ದಾಯಿತು. ಲಿಂಕುಗಳೊಳಗೆ ಮಾತ್ರ ಹಳೆಯ ವಿಳಾಸವೇ. ಮಾವ ಒಂದೊಂದನ್ನೇ ಕೈಯಾರೆ ತಿದ್ದತೊಡಗಿದರು. ಕಂಪ್ಯೂಟರ್ ಓದುತ್ತಿದ್ದ ನಾನು, ಒಂದು ಸ್ಕ್ರಿಪ್ಟ್ ಬರೆದರೆ ಅದೇ ಎಲ್ಲ ಪುಟ ಹೊಕ್ಕು ಕ್ಷಣದಲ್ಲಿ ಬದಲಿಸುತ್ತದೆ ಎಂದು ಕೊಚ್ಚಿಕೊಂಡೆ. ಬರೆದೆ ಕೂಡ. ಪರೀಕ್ಷೆಗೆಂದು ‘ಯಜಮಾನರು’ ಲಿಂಕಿಗೆ ಮಾವನ ಪುಟದ ವಿಳಾಸ ಕೊಟ್ಟಿದ್ದವನು, ಅದನ್ನು ತೆಗೆಯಲು ಮರೆತೆ. ಆಮೇಲೆ ಕೇಳಬೇಕೆ? ಯಾವ ಹೆಂಗಸಿನ ಗಂಡನನ್ನು ಒತ್ತಿದರೂ ನಮ್ಮ ಮಾವನೇ ನಗುತ್ತ ಬಂದು ನಿಂತರು!

ಮಾವನಿಗೆ ಮೊದಲ ಫೋನು ಬಂದದ್ದು ಹೋಳೂರಿನಿಂದ, ಅವರ ಸ್ವಂತ ಅಕ್ಕನದು.

“ಲೇ, ನಿಮ್ ಭಾವ ಇನ್ನೂ ಗಟ್ಟಿಯಾಗೇ ಇದಾರೆ ಕಣೋ. ಎದುರಿಗೇ ಕೂತು ಮುದ್ದೆ ನುಂಗ್ತಾ ಇದಾರೆ.”

ಬೈಸಿಕೊಳ್ಳಲು ಸಿದ್ಧನಾಗಿ ಹೋದೆ. ಮಾವ “ಪೋನೀಲೇ”, ಹೋಗಲಿ ಬಿಡು ಎಂದು ತೆಲುಗಿನಲ್ಲಿ ನನ್ನನ್ನೇ ಸಮಾಧಾನ ಮಾಡಿ ಕಾಫಿ ಕೊಟ್ಟರು.

ಹಳೆಯ ಪ್ರತಿಗಳನ್ನು ತೆಗೆದುಕೊಂಡು, ಸ್ಕ್ರಿಪ್ಟ್ ತಿದ್ದಿ ಮತ್ತೆ ಓಡಿಸಿದೆ. ಈ ಸಲ, ಎಲ್ಲಿಗೂ ತಲುಪದ ಲಿಂಕುಗಳಿದ್ದರೆ ತೋರಿಸುವಂತೆಯೂ ಬರೆದಿದ್ದೆ. ಒಂದೇ ಒಂದು ಉಳಿಯಿತು. ಅದು ಮಾವನ ಪುಟದಲ್ಲೇ ಇತ್ತು: ‘ಪತ್ನಿ’. ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರ. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒತ್ತಿದರೆ ಅಲ್ಲಿ ಪುಟವೇ ಇಲ್ಲ.

ಅಳಿಸಿಬಿಡಲೇ ಎಂದು ಕೇಳಿದೆ. ಮಾವ ಕಾಫಿ ಲೋಟ ಪಕ್ಕಕ್ಕಿಟ್ಟು ಹೇಳತೊಡಗಿದರು. ಮಾಲೂರಿನ ಹುಡುಗಿಯಂತೆ. ನಿಶ್ಚಿತಾರ್ಥವಾಗಿ, ಲಗ್ನಪತ್ರಿಕೆ ಅಚ್ಚಾಗುವ ಮುಂಚೆಯೇ ಜ್ವರ ಬಂದು ತೀರಿಕೊಂಡರಂತೆ. ಆಮೇಲೆ ಮನೆಯಲ್ಲಿ ಯಾರೂ ಅವರ ಹೆಸರೆತ್ತಲಿಲ್ಲವಂತೆ.

“ತಾಳಿ ಕಟ್ಟಿಲ್ಲ, ಪುಟ ಮಾಡೋಕೆ ನಾನ್ಯಾರು? ಹಂಗಂತ ಆ ಜಾಗ ಖಾಲಿ ಬಿಡೋಕೂ ಮನಸ್ಸು ಬರ್ಲಿಲ್ಲ ಕಣೋ.”

ನಾನು ಹೊಸ ಪುಟವೊಂದನ್ನು ತೆರೆದೆ.

“ಹೆಸರು ಹೇಳಿ, ಮಾವ.”